ದುಡಿಮೆ ಅಲ್ಲಿ, ಸೂರು ಇಲ್ಲಿ

(ನಂದಿದುರ್ಗದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳಕು ಹರಿಯುವ ಮುನ್ನ ಮಾರಿಕುಪ್ಪಂ ನಿಲ್ದಾಣಕ್ಕೆ ಹೋಗಿ ನೋಡಿದರೆ ಈ ಊರಿನ ಕಥೆ ಅರ್ಥವಾಗುತ್ತದೆ. ಬುತ್ತಿ ಹಿಡಿದ ಯುವಕರು, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬಂದ ತಾಯಂದಿರು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲನ್ನು ಕಾಯುತ್ತಿರುತ್ತಾರೆ. ಬಂಗಾರಪೇಟೆಯಿಂದಲೇ ಬೆಂಗಳೂರಿಗೆ ಸುಮಾರು 70 ಕಿ.ಮೀ. ಇದೆ. ಎಂಟು ತಾಸಿನ ದುಡಿಮೆಗೆ ನಾಲ್ಕೈದು ತಾಸಿನ ಪ್ರಯಾಣ. ಇವರು ಬೆಂಗಳೂರಿನಲ್ಲೇ ಯಾಕೆ ವಾಸಿಸುವುದಿಲ್ಲ? ವಾಸಿಸಲು ಮನಸ್ಸಿಲ್ಲದೆ ಅಲ್ಲ. ಅಲ್ಲಿ ಇವರ ಕೈಗೆಟಕುವ ಮನೆಯಿಲ್ಲ.

ಒಂದು ಕಾಲದಲ್ಲಿ ಇಲ್ಲಿ ದುಡಿಮೆಯೂ ಸೂರೂ ಅಕ್ಕಪಕ್ಕದಲ್ಲಿದ್ದುವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದು ಬಂದದ್ದು ಇಲ್ಲಿನ ಗಣಿಗಳಿಗೆ. ಗಣಿಯ ಸುತ್ತ ಸಾಲು ಸಾಲಾಗಿ 'ಲೈನ್' ಮನೆಗಳೆದ್ದುವು. ಅವು ಇಕ್ಕಟ್ಟಾಗಿದ್ದುವು, ನಿಜ. ಆದರೆ ಮನೆಗಾಗಿ ಕಾರ್ಮಿಕ ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ದುಡಿಮೆ ಒಂದೇ ದಿನದಲ್ಲಿ ಹೋಯಿತು, ಮನೆ ಮಾತ್ರ ಉಳಿಯಿತು. ಅದೂ ಕಂಪೆನಿಯ ಹೆಸರಿನಲ್ಲಿ! ವಾಸವಿದ್ದ ಕ್ವಾರ್ಟರ್ಸ್‌ನ ಹಕ್ಕುಪತ್ರಕ್ಕಾಗಿ ಕುಟುಂಬಗಳು ವರ್ಷಗಟ್ಟಲೆ ಅಲೆದುವು. ಹೀಗೆ ಸೂರು ಇದ್ದಲ್ಲಿ ದುಡಿಮೆಯಿಲ್ಲ, ದುಡಿಮೆ ಇದ್ದಲ್ಲಿ ಸೂರಿಲ್ಲ ಎಂಬ ಸ್ಥಿತಿ ಬಂತು.

ಬೆಂಗಳೂರಿನಲ್ಲಿ ಬಡವನನ್ನು ತಡೆಯುವುದು ಬಾಡಿಗೆಯೊಂದೇ ಅಲ್ಲ, ಅಡ್ವಾನ್ಸ್ ಕೂಡ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಅಲ್ಲಿ ಬೆಳೆದು ಬಂದ ರೂಢಿ. ಬಾಡಿಗೆ 8,000 ರೂಪಾಯಿ ಎಂದುಕೊಳ್ಳೋಣ. ಮುಂಗಡ 80,000 ಆಯಿತು. ತಿಂಗಳಿಗೆ 15,000 ದುಡಿಯುವವನು ಒಂದು ಪೈಸೆ ಖರ್ಚು ಮಾಡದೆ ಐದು ತಿಂಗಳಿಗೂ ಹೆಚ್ಚು ಕಾಲ ಕೂಡಿಡಬೇಕು. ಅದು ಸಾಧ್ಯವೇ? ಆತ ಸಾಲ ಮಾಡುತ್ತಾನೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಾದರೂ ತಿಂಗಳಿಗೆ 2,400 ರೂಪಾಯಿ. ಅಂದರೆ ಆತನ ನಿಜವಾದ ಬಾಡಿಗೆ 8,000 ಅಲ್ಲ, 10,400. ಅಸಲು ಹಾಗೆಯೇ ಉಳಿದಿರುತ್ತದೆ.

ಬಾಡಿಗೆಯ ಕಾಟ ಬೇಡವೆಂದು ಕೆಲವರು ಭೋಗ್ಯಕ್ಕೆ ಹೋಗುತ್ತಾರೆ. ಲಕ್ಷಗಟ್ಟಲೆ ಹಣವನ್ನು ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸುತ್ತಾರೆ. ಆದರೆ ಅದೇ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ? ಒಂದು ದಿನ ಬಾಗಿಲಿಗೆ ನೋಟೀಸು ಅಂಟುತ್ತದೆ. ಆದ್ದರಿಂದ ಹಣ ಕೊಡುವ ಮುನ್ನ ಋಣಭಾರ ಪತ್ರ ನೋಡಿ. ಕರಾರನ್ನು ಬರವಣಿಗೆಯಲ್ಲೇ ಮಾಡಿ. ಕೊಟ್ಟ ಪ್ರತಿ ರೂಪಾಯಿಗೂ ರಶೀದಿ ಪಡೆಯಿರಿ.

ಕಾನೂನು ಎಲ್ಲಿದೆ ಎಂದು ನೀವು ಕೇಳಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳ ಬಾಡಿಗೆಗೆ ಹಾಕಿಕೊಂಡ ಮಿತಿ ಬೆಂಗಳೂರಿನಲ್ಲಿ 3,500 ರೂಪಾಯಿ. ಅಷ್ಟಕ್ಕೆ ಅಲ್ಲಿ ಇಂದು ಒಂದು ಕೋಣೆಯಾದರೂ ಸಿಗುತ್ತದೆಯೇ? 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಸತಿಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು ಎಂದಿತು. ಆದರೆ ಅದು ಮಾದರಿ ಮಾತ್ರ, ರಾಜ್ಯವೊಂದು ಅಂಗೀಕರಿಸದೆ ಅಲ್ಲಿ ಅದಕ್ಕೆ ಬಲವಿಲ್ಲ. ವಲಸೆ ಕಾರ್ಮಿಕರು ನಡೆದೇ ಊರು ಸೇರಿದ 2020ರಲ್ಲಿ, ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ಬಂತು. ಬಡವನಿಗೆ ಬೇಕಾದದ್ದು ಸ್ವಂತ ಮನೆಯಷ್ಟೇ ಅಲ್ಲ, ದುಡಿಯುವಲ್ಲಿ ಒಂದು ಬಾಡಿಗೆ ಕೋಣೆ ಎಂಬುದನ್ನು ಒಪ್ಪಿಕೊಳ್ಳಲು ಸರಕಾರಕ್ಕೆ ಅಂಥ ದುರಂತವೇ ಬೇಕಾಯಿತು.

ಹಣ ಹೊಂದಿಸಿಕೊಂಡು ಹೋದರೂ ಇನ್ನೊಂದು ಗೋಡೆಯಿದೆ. ಹೆಸರು ಕೇಳಿದೊಡನೆ 'ಮನೆ ಬೇರೆಯವರಿಗೆ ಆಗಿದೆ' ಎಂಬ ಉತ್ತರ. ಮುಸ್ಲಿಮರಿಗೆ ಬಯಸಿದ ಬಡಾವಣೆಯಲ್ಲಿ ಮನೆ ಸಿಗುವುದು ಸುಲಭವಲ್ಲ ಎಂಬುದನ್ನು 2006ರ ಸಾಚಾರ್ ವರದಿಯೂ ದಾಖಲಿಸಿತು. ಇದು ಮುಸ್ಲಿಮರ ನೋವು ಮಾತ್ರವಲ್ಲ. ಈ ಗಣಿಗಳನ್ನು ತೋಡಿದ ದಲಿತ ಕುಟುಂಬಗಳ ಮಕ್ಕಳಿಗೂ 'ನೀವು ಯಾವ ಪೈಕಿ?' ಎಂಬ ಪ್ರಶ್ನೆ ಬಾಗಿಲಲ್ಲೇ ಎದುರಾಗುತ್ತದೆ.

ಆದರೆ ಬೆರಳನ್ನು ಹೊರಗೆ ಮಾತ್ರ ತೋರಿಸಿದರೆ ಸಾಕೇ? ನಮ್ಮಲ್ಲೂ ಮನೆಯ ಮಾಲಿಕರಿದ್ದಾರೆ. ವಿಧವೆ ಬಂದರೆ, ಮಕ್ಕಳು ಹೆಚ್ಚಿದ್ದರೆ, ಅನ್ಯ ಜಾತಿಯವರಾದರೆ ನಾವು ಕೊಡುವ ಉತ್ತರವೇನು? ಅಡ್ವಾನ್ಸ್ ಹಿಂತಿರುಗಿಸುವಾಗ ಸುಣ್ಣಬಣ್ಣದ ನೆಪದಲ್ಲಿ ಎಷ್ಟು ಹಿಡಿದಿಟ್ಟುಕೊಳ್ಳುತ್ತೇವೆ? ಮನೆ ಸಿಗದವನ ನೋವನ್ನು ಹೇಳಿಕೊಳ್ಳುವ ನಾವು, ಮನೆ ಇದ್ದಾಗ ಅದನ್ನು ಮರೆತರೆ ನಮ್ಮ ದೂರಿಗೆ ಬೆಲೆಯೇನು?

ಆದ್ದರಿಂದ ನಮ್ಮ ಸಲಹೆ ಇಷ್ಟೇ. ಮಸೀದಿ, ಚರ್ಚ್, ದೇವಾಲಯ ಸಮಿತಿಗಳೂ ಕಾರ್ಮಿಕ ಸಂಘಗಳೂ ಸೇರಿ ಒಂದು ಠೇವಣಿ ನಿಧಿ ಕಟ್ಟಲಿ. ಮುಂಗಡದ ಹಣವನ್ನು ಬಡ್ಡಿಯಿಲ್ಲದೆ ಸಾಲವಾಗಿ ಕೊಡಲಿ. ಮನೆ ಬಿಟ್ಟಾಗ ಆ ಹಣ ನಿಧಿಗೆ ಮರಳಿ ಇನ್ನೊಂದು ಕುಟುಂಬವನ್ನು ಸೇರಲಿ. ಬಾಡಿಗೆಗೆ ಮನೆ ಕೊಡುವವರು ಎರಡೇ ತಿಂಗಳ ಮುಂಗಡ ಸಾಕೆಂದು ಇಂದೇ ತೀರ್ಮಾನಿಸಲಿ. ಅದಕ್ಕೆ ಯಾವ ಶಾಸನದ ಅಗತ್ಯವೂ ಇಲ್ಲ.

ಈ ನೆಲದ ಚಿನ್ನವನ್ನು ಹೊರತೆಗೆದವರ ಮೊಮ್ಮಕ್ಕಳು ನಾಳೆಯೂ ಕತ್ತಲಲ್ಲೇ ರೈಲು ಹತ್ತುತ್ತಾರೆ. ಅವರಲ್ಲಿ ಒಬ್ಬ ತಾಯಿಯಾದರೂ ಸಂಜೆ ಮಕ್ಕಳು ಮಲಗುವ ಮುನ್ನ ಮನೆ ತಲುಪುವಂತಾದರೆ ನಾವಿಲ್ಲಿ ಸೇರಿದ್ದು ಸಾರ್ಥಕ.