ಉಪವಾಸವೂ ಉಪಾಹಾರಗೃಹವೂ

(ನುಂಗಂಬಾಕ್ಕಂ ಶಾಖಾಮಠದ ಸಭೆಯಲ್ಲಿ ಮಾಡಿದ ಉಪನ್ಯಾಸ)



"ಏಕಾದಶಿಯಂದು ನಿರ್ಜಲ ಉಪವಾಸ ಮಾಡುತ್ತೇನೆ, ಆದರೂ ತೂಕವೇಕೆ ಇಳಿಯುವುದಿಲ್ಲ?" ಇದು ನಮ್ಮ ಅನೇಕ ಯುವಕರ ಪ್ರಶ್ನೆ. ಉಳಿದ ದಿನಗಳ ಸಾಯಂಕಾಲ ಏನು ಸೇವಿಸುತ್ತೀರಿ ಎಂದು ಕೇಳಿದರೆ, ಬರ್ಗರ್, ಪಿಜ್ಜಾ, ಕರಿದ ಆಲೂಗಡ್ಡೆ, ಜೊತೆಗೊಂದು ತಂಪುಪಾನೀಯ ಎಂಬ ಉತ್ತರ ಬರುತ್ತದೆ.

ಮದರಾಸಿನಲ್ಲಿ ಹೊರಗೆ ತಿನ್ನುವ ರೂಢಿ ಹೊಸದೇನೂ ಅಲ್ಲ. ಆ ರೂಢಿಯನ್ನು ಬೆಳೆಸಿದವರಲ್ಲಿ ನಮ್ಮವರೇ ಪ್ರಮುಖರು. ಉಡುಪಿ ಸೀಮೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು. ಕೆಥೀಡ್ರಲ್ ರಸ್ತೆಯಲ್ಲಿ 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರವರೆಗೂ ನಡೆಯಿತು. ಅಲ್ಲಿಯೂ ವಡೆ, ಬೋಂಡಗಳಿದ್ದವು. ಆದರೆ ಹಬೆಯಲ್ಲಿ ಬೆಂದ ಇಡ್ಲಿಯೂ ಇತ್ತು, ಹೋಗಿ ಕುಳಿತು ತಿನ್ನಬೇಕೆಂಬ ಶ್ರಮವೂ ಇತ್ತು. ಇಂದು ಖಾದರ್ ನವಾಜ್ ಖಾನ್ ರಸ್ತೆಯವರೆಗೆ ನಡೆಯುವ ಅಗತ್ಯವೂ ಇಲ್ಲ. ಮೊಬೈಲಿನಲ್ಲಿ ಬೆರಳೊತ್ತಿದರೆ ತಿಂಡಿ ಬಾಗಿಲಿಗೆ ಬರುತ್ತದೆ.

ಈ ಆಹಾರದ ದೋಷ ಕೇವಲ ಎಣ್ಣೆ, ಸಕ್ಕರೆಗಳಲ್ಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರ ಮೇಲೆ ನಡೆಸಿದ ಪ್ರಯೋಗವು 2019ರಲ್ಲಿ ಪ್ರಕಟವಾಯಿತು. ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರ, ಎರಡು ವಾರ ಸಹಜ ಆಹಾರ. ಬೇಕಾದಷ್ಟು ತಿನ್ನಲು ಸ್ವಾತಂತ್ರ್ಯ. ಸಂಸ್ಕರಿತ ಆಹಾರದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ಸೇವಿಸಿದರು. ತೂಕ ಸುಮಾರು 0.9 ಕಿಲೋ ಏರಿತು. ಸಹಜ ಆಹಾರದಲ್ಲಿ ಅಷ್ಟೇ ಇಳಿಯಿತು. ಮೃದುವಾದ ತಿಂಡಿಯನ್ನು ಅವರು ಬೇಗಬೇಗನೆ ತಿಂದರೆಂಬುದೂ ಕಂಡುಬಂದಿತು.

ಈಗ ನಮ್ಮ ಪಕ್ಷದ ಲೆಕ್ಕವನ್ನು ನೋಡೋಣ. 14 ದಿನ ದಿನಕ್ಕೆ 500ರಂತೆ ಹೆಚ್ಚಾದರೆ 7000 ಕ್ಯಾಲೊರಿ. ಒಂದು ಏಕಾದಶಿಯ ಪೂರ್ಣೋಪವಾಸದಿಂದ ಉಳಿಯುವುದು ಸುಮಾರು 2000. ಮಿಕ್ಕ 5000 ದೇಹದಲ್ಲಿಯೇ ನಿಲ್ಲುತ್ತದೆ. ದ್ವಾದಶಿಯ ಪಾರಣೆ ಮುಗಿಸಿ, ಅಂದು ಸಂಜೆಯೇ ಹೋಟೆಲಿಗೆ ಧಾವಿಸುವವರ ಲೆಕ್ಕವಂತೂ ಇನ್ನೂ ಕಷ್ಟ. ನಡಿಗೆಯಿಂದ ಸರಿದೂಗಿಸೋಣವೆಂದರೆ, ಅರ್ಧ ಗಂಟೆಯ ನಡಿಗೆಯಲ್ಲಿ ವ್ಯಯವಾಗುವುದು ಸುಮಾರು ಒಂದು ದೊಡ್ಡ ಚಮಚ ಎಣ್ಣೆಯ ಶಕ್ತಿ ಮಾತ್ರ. ನಡಿಗೆ ಆರೋಗ್ಯಕ್ಕೆ ಅವಶ್ಯ. ಆದರೆ ಅದು ಬಾಯಿಗೆ ಕೊಟ್ಟ ಅನುಮತಿಪತ್ರವಲ್ಲ.

ಇದು ಕೇವಲ ರೂಪದ ಪ್ರಶ್ನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 40 ಮಂದಿ ಅಧಿಕ ತೂಕದವರು. ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಭಾರತೀಯರಲ್ಲಿ ಹೊಟ್ಟೆಯ ಕೊಬ್ಬೇ ಹೆಚ್ಚು ಅಪಾಯಕರ. ಆದ್ದರಿಂದ ಸೊಂಟದ ಅಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಬೇಕೆಂದು ವೈದ್ಯರು ಎಚ್ಚರಿಸುತ್ತಾರೆ.

ಹಾಗಾದರೆ ಉಪವಾಸ ವ್ಯರ್ಥವೇ? ಸರ್ವಥಾ ಅಲ್ಲ. ವ್ರತವು ಶ್ರೀಹರಿಯ ಸನ್ನಿಧಿಯಲ್ಲಿರುವುದಕ್ಕಾಗಿ. ತೂಕದ ಯಂತ್ರಕ್ಕಾಗಿ ಅಲ್ಲ. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗ ಸಿದ್ಧಿಸದೆಂಬುದು ಗೀತೆಯ ಆರನೆಯ ಅಧ್ಯಾಯದ ಅಭಿಪ್ರಾಯ. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಬಿಡುವ ನಮಗೆ ತ್ಯಾಗ ಅಪರಿಚಿತವಲ್ಲ. ಮೊಸರನ್ನೇ ಒಂದು ತಿಂಗಳು ಬಿಡಬಲ್ಲವರು ತಂಪುಪಾನೀಯವನ್ನು ಬಿಡಲಾರರೇ? ಅದರ 300 ಮಿ.ಲೀ. ಸೀಸೆಯಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ಇನ್ಸುಲಿನ್ ಮೊದಲಾದ ಔಷಧ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಉಪವಾಸಮಾಡಬೇಕು.

ತರುಣರಲ್ಲಿ ನನ್ನ ವಿನಂತಿ ಇಷ್ಟೆ. ಹೊರಗಿನ ತಿಂಡಿ ಪಕ್ಷಕ್ಕೊಮ್ಮೆ ಸಾಕು. ಅದನ್ನೂ ಹಂಚಿಕೊಂಡು ತಿನ್ನಿರಿ. ಹಸಿದಾಗ ಐದು ನಿಮಿಷದಲ್ಲಿ ಸಿದ್ಧವಾಗುವ ಅವಲಕ್ಕಿ, ಕೋಸಂಬರಿ, ಮಜ್ಜಿಗೆ ನಮ್ಮ ಮನೆಯ ಫಾಸ್ಟ್ ಫುಡ್. ಮಾತೆಯರಲ್ಲಿಯೂ ಒಂದು ಮಾತು: ಸಂಜೆ ದಣಿದು ಬರುವ ಮಕ್ಕಳಿಗೆ ಉಪದೇಶಕ್ಕಿಂತ ಮೊದಲು ಒಂದು ತಟ್ಟೆ ತಿಂಡಿ ಸಿದ್ಧವಿರಲಿ. ಅಡಿಗೆಯ ಭಾರ ಅವರೊಬ್ಬರ ಮೇಲೆಯೇ ಬೀಳದಂತೆ ಮನೆಯ ಗಂಡಸರೂ ಕೈಜೋಡಿಸಲಿ.

ದೇಹವು ಸಾಧನೆಗಾಗಿ ದೊರೆತ ಉಪಕರಣ. ಅದನ್ನು ಹಗುರವಾಗಿ, ದೃಢವಾಗಿ ಇಟ್ಟುಕೊಳ್ಳುವ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮಗೆಲ್ಲ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.