ಗೆದ್ದರೆ ಕ್ರಾಂತಿ, ಸೋತರೆ ರಾಜದ್ರೋಹ?

ಇವತ್ತು ಒಂದೇ ಪ್ರಶ್ನೆ. ಬಂದೂಕು ಹಿಡಿದು ಬಂದವನು ಸಂವಿಧಾನವನ್ನೇ ಕಿತ್ತು ಹಾಕಿದರೆ, ಕೋರ್ಟ್ ಏನು ಮಾಡಬೇಕು?

ಪಕ್ಕದ ಪಾಕಿಸ್ತಾನಕ್ಕೆ ಹೋಗೋಣ. ದೋಸೋ ಅನ್ನೋ ಬಲೂಚಿಸ್ತಾನದ ಒಬ್ಬ ಮನುಷ್ಯ. ಕೊಲೆ ಆರೋಪ. ವಿಚಾರಣೆ ನಡೆಸಿದ್ದು ನ್ಯಾಯಾಲಯ ಅಲ್ಲ, ಬುಡಕಟ್ಟು ಹಿರಿಯರ ಜಿರ್ಗಾ. ಬ್ರಿಟಿಷರ ಕಾಲದ ಕಾನೂನು ಅದಕ್ಕೆ ಅವಕಾಶ ಕೊಟ್ಟಿತ್ತು. ಇದು ಸಮಾನತೆಯ ಹಕ್ಕಿಗೆ ವಿರುದ್ಧ ಅಂತ ಹೈಕೋರ್ಟ್ ಹೇಳಿತು. ದೋಸೋ ಗೆದ್ದ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಅಷ್ಟರಲ್ಲಿ 1958ರ ಅಕ್ಟೋಬರ್ 7. ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸಂವಿಧಾನ ರದ್ದು ಮಾಡಿ ಸೇನಾಡಳಿತ ಹೇರಿದರು. ಅಕ್ಟೋಬರ್ 27ಕ್ಕೆ ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಮುನೀರ್, ಆಸ್ಟ್ರಿಯಾದ ಕಾನೂನು ಪಂಡಿತ ಹ್ಯಾನ್ಸ್ ಕೆಲ್ಸನ್ ಸಿದ್ಧಾಂತ ಮುಂದಿಟ್ಟು ಹೇಳಿದ್ದು ಇಷ್ಟು: ಯಶಸ್ವಿಯಾದ ಕ್ರಾಂತಿಯೇ ಹೊಸ ಕಾನೂನಿನ ಮೂಲ. ಸಂವಿಧಾನವೇ ಇಲ್ಲ ಅಂದಮೇಲೆ ದೋಸೋಗೆ ಹಕ್ಕೆಲ್ಲಿಂದ ಬರಬೇಕು?

ವಿಚಿತ್ರ ನೋಡಿ. ಅದೇ ರಾತ್ರಿ ಜನರಲ್ ಅಯೂಬ್ ಖಾನ್ ಮಿರ್ಜಾರನ್ನೇ ಮನೆಗೆ ಕಳಿಸಿದರು. 'ಗೆದ್ದವನದೇ ಕಾನೂನು' ಅನ್ನೋ ತೀರ್ಪು ಮಿರ್ಜಾರನ್ನು ಒಂದು ದಿನವೂ ಕಾಯಲಿಲ್ಲ!

ನಾನು ಎಂಜಿನಿಯರಿಂಗ್ ಓದಿದವನು. ಉತ್ತರ ನೋಡಿಕೊಂಡು ಸೂತ್ರ ಬರೆದರೆ ಲ್ಯಾಬಿನಲ್ಲಿ ಅದಕ್ಕೆ ಸೊನ್ನೆ. ಇಲ್ಲಿ ನಡೆದದ್ದು ಅದೇ ಅಲ್ವಾ?

1972ರಲ್ಲಿ ಅಸ್ಮಾ ಜಿಲಾನಿ ಪ್ರಕರಣ. ಬಂಧನದಲ್ಲಿದ್ದ ತಂದೆಗಾಗಿ ಮಗಳು ಕೋರ್ಟ್ ಮೆಟ್ಟಿಲೇರಿದ್ದರು. ದೋಸೋ ತೀರ್ಪು ತಪ್ಪು, ಯಾಹ್ಯಾ ಖಾನ್ ಅಧಿಕಾರ ಕಬಳಿಸಿದವರು ಅಂತ ಕೋರ್ಟ್ ಸಾರಿತು. ಆದರೆ ಯಾಹ್ಯಾ ಆಗಲೇ ಕುರ್ಚಿ ಬಿಟ್ಟಾಗಿತ್ತು. 1973ರ ಸಂವಿಧಾನ, ಬಲವಂತವಾಗಿ ಸಂವಿಧಾನ ಕಿತ್ತೊಗೆಯುವುದು ಘೋರ ದ್ರೋಹ ಎಂದು 6ನೇ ವಿಧಿಯಲ್ಲಿ ಬರೆಯಿತು. ನಾಲ್ಕೇ ವರ್ಷ. 1977ರಲ್ಲಿ ಜಿಯಾ ಉಲ್ ಹಕ್ ಬಂದರು. ಕುರ್ಚಿಯಲ್ಲಿ ಕೂತಿದ್ದ ಜಿಯಾಗೆ ಕೋರ್ಟ್ 'ಅನಿವಾರ್ಯತೆ' ಅನ್ನೋ ಹೆಸರಲ್ಲಿ ಒಪ್ಪಿಗೆ ಕೊಟ್ಟಿತು.

ಕೊನೆಗೆ 2010ರಲ್ಲಿ 18ನೇ ತಿದ್ದುಪಡಿ ಬಂತು. ಇಂಥ ದ್ರೋಹವನ್ನು ಯಾವ ಕೋರ್ಟೂ ಸಿಂಧು ಮಾಡುವಂತಿಲ್ಲ ಅಂತ ಸಂವಿಧಾನದಲ್ಲೇ ಬರೆಯಬೇಕಾಯಿತು. ಯೋಚನೆ ಮಾಡಿ, ನ್ಯಾಯಾಧೀಶರಿಗೆ ಬುದ್ಧಿ ಹೇಳೋಕೆ ಒಂದು ತಿದ್ದುಪಡಿ!

ಹಾಗಂತ ಜಡ್ಜ್‌ಗಳನ್ನಷ್ಟೇ ಬೈದರೆ ಆಗಲ್ಲ. ಅವರ ಕೈಯಲ್ಲಿ ಸೈನ್ಯ ಇಲ್ಲ, ಇರೋದು ಪೆನ್ನು. ಆ ಪೆನ್ನಿನ ಬೆನ್ನಿಗೆ ಜನ ನಿಲ್ಲಬೇಕು, ಅದೂ ಸರ್ವಾಧಿಕಾರಿ ಕುರ್ಚಿಯಲ್ಲಿ ಇರುವಾಗಲೇ. ಅವನು ಇಳಿದ ಮೇಲೆ ಧೈರ್ಯ ಎಲ್ಲರಿಗೂ ಬರುತ್ತೆ.