ಹಿಂದಿನ ಚಕ್ರಗಳ ನಡುವಿನ ಅಯಸ್ಕಾಂತ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮಹದೇಶ್ವರ ಬೆಟ್ಟದ ಬಸ್ಸಿಗೆ ಕಾಯುತ್ತಿರುವಾಗ, ದೂರದಲ್ಲಿ ನಿಂತ ಬೇರೊಂದು ಬಸ್ಸಿನ ಹಿಂಭಾಗವನ್ನು ಸ್ವಲ್ಪ ಬಗ್ಗಿ ನೋಡಿ. ಹಿಂದಿನ ಚಕ್ರಗಳ ನಡುವೆ ಅಡ್ಡಲಾಗಿ ಒಂದು ದಪ್ಪ ಕೊಳವೆ, ಅದರ ಮಧ್ಯೆ ಉಬ್ಬಿಕೊಂಡ ಒಂದು ದೊಡ್ಡ ಗುಂಡು ಕಾಣುತ್ತದೆ. ಗ್ಯಾರೇಜಿನವರು ಅದನ್ನು ಹೌಸಿಂಗ್ ಎನ್ನುತ್ತಾರೆ. ಅದರೊಳಗಿರುವ ಹಲ್ಲುಚಕ್ರಗಳ ಜೋಡಣೆಗೆ ಡಿಫರೆನ್ಷಿಯಲ್ ಎಂದು ಹೆಸರು. ಎಷ್ಟೋ ಗಾಡಿಗಳಲ್ಲಿ ಈ ಗುಂಡಿನ ತಳದಲ್ಲಿ ಒಂದು ಪುಟ್ಟ ಅಯಸ್ಕಾಂತವೂ ಕೂತಿರುತ್ತದೆ. ಅದಕ್ಕೆ ಅಲ್ಲೇನು ಕೆಲಸ? ಬನ್ನಿ, ಒಟ್ಟಿಗೆ ಹುಡುಕೋಣ.

ಮೊದಲು ಆ ಗುಂಡು ಯಾಕೆ ಬೇಕು ಎಂದು ತಿಳಿಯೋಣ. ಶಾಲೆಯ ಮೈದಾನದಲ್ಲಿ ನಾಲ್ಕು ಜನ ಅಕ್ಕಪಕ್ಕ ಕೈಹಿಡಿದು ನಡೆಯುತ್ತಿದ್ದೀರಿ ಎಂದುಕೊಳ್ಳಿ. ಸಾಲು ಮುರಿಯದೆ ತಿರುಗಬೇಕು. ಒಳತುದಿಯಲ್ಲಿರುವವರು ನಿಂತಲ್ಲೇ ಹೆಜ್ಜೆ ಹಾಕಿದರೂ ಸಾಕು. ಹೊರತುದಿಯಲ್ಲಿರುವವರು ಮಾತ್ರ ದಾಪುಗಾಲು ಹಾಕಬೇಕು, ಇಲ್ಲವಾದರೆ ಕೈ ತಪ್ಪುತ್ತದೆ. ತಿರುವಿನಲ್ಲಿ ಬಸ್ಸಿನ ಚಕ್ರಗಳ ಪಾಡೂ ಇದೇ.

ಹನೂರು, ಕೌದಳ್ಳಿ ಕಳೆದು ತಾಳಬೆಟ್ಟದಿಂದ ಬಸ್ಸು ಬೆಟ್ಟ ಹತ್ತತೊಡಗಿದರೆ ಒಂದರ ಮೇಲೊಂದು ತಿರುವು. ಕೆಲವು ಕಡೆ ಬಸ್ಸು ಬಂದ ದಿಕ್ಕಿಗೇ ಮುಖ ತಿರುಗಿಸುತ್ತದೆ. ಎಡ ಮತ್ತು ಬಲ ಚಕ್ರಗಳ ನಡುವೆ ಸುಮಾರು 2 ಮೀಟರ್ ಅಂತರವಿದೆ ಎಂದುಕೊಂಡರೆ, ಅಂಥ ಒಂದು ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಸುಮಾರು 6 ಮೀಟರ್ ಹೆಚ್ಚು ಓಡಬೇಕು. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಈ 6 ಮೀಟರ್ ಬದಲಾಗುವುದೇ ಇಲ್ಲ! ನನಗೆ ಇದು ಇವತ್ತಿಗೂ ಸೋಜಿಗ. ಅಂಗಳದಲ್ಲಿ ಒಂದು ಗೂಟ ನೆಟ್ಟು, ದಾರ ಕಟ್ಟಿ, ಒಂದರೊಳಗೊಂದು ಅರ್ಧವೃತ್ತ ಎಳೆದು ನೀವೇ ಅಳೆದು ನೋಡಿ.

ಎರಡೂ ಚಕ್ರಗಳು ಒಂದೇ ಸರಳಿಗೆ ಬಿಗಿಯಾಗಿದ್ದರೆ ತಿರುವಿನಲ್ಲಿ ಟೈರು ರಸ್ತೆಗೆ ಉಜ್ಜಿ ಸವೆದುಹೋಗುತ್ತಿತ್ತು. ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುತ್ತಲೇ, ಒಂದು ನಿಧಾನವಾಗಿ, ಇನ್ನೊಂದು ಬೇಗನೆ ತಿರುಗಲು ಬಿಡುತ್ತದೆ. ಇದನ್ನು 1827ರ ಸುಮಾರಿಗೆ ಉಗಿಬಂಡಿಗೆ ಅಳವಡಿಸಲು ಯೋಚಿಸಿದವರು ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್. ಅವರು ಗಡಿಯಾರ ಮಾಡುತ್ತಿದ್ದವರು, ಹಲ್ಲುಚಕ್ರಗಳ ಸಹವಾಸದಲ್ಲೇ ಇದ್ದವರು.

ಈಗ ಗುಂಡಿನೊಳಗೆ ಇಣುಕೋಣ. ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ. ತುಂಬಿದ ಬಸ್ಸನ್ನು ಬೆಟ್ಟಕ್ಕೆ ಹತ್ತಿಸುವ ಬಲವೆಲ್ಲ ಆ ಕೆಲವೇ ಹಲ್ಲುಗಳ ಮೂಲಕ ಹಾದುಹೋಗಬೇಕು. ಹಲ್ಲಿಗೆ ಹಲ್ಲು ಒತ್ತುತ್ತದೆ, ಒತ್ತುತ್ತಲೇ ಜಾರುತ್ತದೆ. ಕ್ರೌನಿನ ಕೆಳಭಾಗ ದಪ್ಪನೆಯ ಗೇರ್ ಆಯಿಲಿನಲ್ಲಿ ಮುಳುಗಿರುವುದರಿಂದ, ಅದು ತಿರುಗಿದಂತೆಲ್ಲ ಎಣ್ಣೆ ಮೇಲಕ್ಕೆ ಚಿಮ್ಮಿ ಎಲ್ಲ ಹಲ್ಲುಗಳಿಗೂ ಸವರಿಕೊಳ್ಳುತ್ತದೆ. ಆದರೂ ಉಕ್ಕು ಚೂರುಚೂರೇ ಸವೆಯುತ್ತದೆ. ಹೊಸ ಹಲ್ಲುಚಕ್ರಗಳು ಒಂದಕ್ಕೊಂದು ಹೊಂದಿಕೊಳ್ಳುವ ಮೊದಲ ದಿನಗಳಲ್ಲಂತೂ ಸವೆತ ಇನ್ನೂ ಜಾಸ್ತಿ.

ಹೀಗೆ ಉದುರಿದ ಪುಡಿ ಎಲ್ಲಿ ಹೋಗುತ್ತದೆ? ಎಣ್ಣೆಯೊಳಗೇ ಸುತ್ತುತ್ತಿರುತ್ತದೆ. ಮತ್ತೆ ಹಲ್ಲುಗಳ ನಡುವೆ, ಬೇರಿಂಗುಗಳ ನಡುವೆ ಸಿಕ್ಕಿ ಅವನ್ನು ಉಜ್ಜುತ್ತದೆ. ಸವೆತದಿಂದ ಪುಡಿ, ಪುಡಿಯಿಂದ ಮತ್ತಷ್ಟು ಸವೆತ. ಎಂಜಿನ್ನಿನಲ್ಲಿ ಇಂಥ ಕಸ ಹಿಡಿಯಲು ಆಯಿಲ್ ಫಿಲ್ಟರ್ ಇರುತ್ತದೆ. ಹೌಸಿಂಗಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಅದಕ್ಕೇ ತಳದ ಡ್ರೈನ್ ಬೋಲ್ಟಿನ ತುದಿಗೆ ಅಯಸ್ಕಾಂತ ಕೂರಿಸುತ್ತಾರೆ. ಎಣ್ಣೆ ಸುತ್ತಿ ಸುತ್ತಿ ತಳಕ್ಕೆ ಬಂದಾಗಲೆಲ್ಲ ಒಂದಿಷ್ಟು ಉಕ್ಕಿನ ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ, ಮತ್ತೆ ಹಲ್ಲುಗಳ ಕಡೆ ಹೋಗುವುದಿಲ್ಲ.

ಎಣ್ಣೆ ಬದಲಿಸಲು ಮೆಕ್ಯಾನಿಕ್ ಆ ಬೋಲ್ಟ್ ಬಿಚ್ಚಿದಾಗ ಹತ್ತಿರದಿಂದ ನೋಡಲು ಸಿಕ್ಕರೆ ಬಿಡಬೇಡಿ. ತುದಿಯಲ್ಲಿ ಬೂದುಗಪ್ಪು ಬಣ್ಣದ ಮೆತ್ತನೆ ಲೇಪ, ಅದರ ಮೇಲೆ ಸಣ್ಣ ಸಣ್ಣ ಮುಳ್ಳುಗಳು ಎದ್ದು ನಿಂತಿರುತ್ತವೆ. ಅಯಸ್ಕಾಂತದ ಹತ್ತಿರ ಬಂದ ಪ್ರತಿ ಉಕ್ಕಿನ ಕಣವೂ ತಾನೇ ಒಂದು ಪುಟಾಣಿ ಅಯಸ್ಕಾಂತವಾಗಿ ಮುಂದಿನ ಕಣವನ್ನು ಹಿಡಿದುಕೊಳ್ಳುತ್ತದೆ. ಹೀಗೆ ಕಣಕ್ಕೆ ಕಣ ಸೇರಿ ಆ ಮುಳ್ಳುಗಳು ಬೆಳೆದಿವೆ.

ಅನುಭವಿ ಮೆಕ್ಯಾನಿಕ್ ಆ ಲೇಪವನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡುತ್ತಾರೆ. ನುಣ್ಣಗಿದ್ದರೆ ಭಯವಿಲ್ಲ, ಅದು ದಿನನಿತ್ಯದ ಸವೆತ. ಕಣ್ಣಿಗೆ ಕಾಣುವಂಥ ಚಕ್ಕೆಯೋ ಹಲ್ಲಿನ ಚೂರೋ ಸಿಕ್ಕರೆ ಹೌಸಿಂಗ್ ಬಿಚ್ಚಿ ನೋಡಲೇಬೇಕು. ಬೆಟ್ಟದ ತಿರುವಿನಲ್ಲಿ ಕ್ರೌನ್ ಮುರಿದು ಬಸ್ಸು ನಿಲ್ಲುವ ಮೊದಲೇ ಗ್ಯಾರೇಜಿನಲ್ಲಿ ವಿಷಯ ಗೊತ್ತಾಗುವುದು ಎಷ್ಟು ದೊಡ್ಡ ಉಪಕಾರ! ಜಾತ್ರೆಯ ದಿನ ಬೆಟ್ಟ ಹತ್ತುವವರಿಗೂ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟವರಿಗೂ ಈ ಪುಟ್ಟ ಬೋಲ್ಟಿನ ಸುಳಿವೂ ಇಲ್ಲ.

ಅಯಸ್ಕಾಂತ ಎಲ್ಲವನ್ನೂ ಹಿಡಿಯುತ್ತದೆಯೇ? ನೀವೇ ಪರೀಕ್ಷಿಸಿ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕಬ್ಬಿಣದ ಕಾವಲಿ, ಹಿತ್ತಾಳೆ ಚೊಂಬು, ಅಲ್ಯೂಮಿನಿಯಂ ಮುಚ್ಚಳಗಳಿಗೆ ಒಂದೊಂದಾಗಿ ತಾಗಿಸಿ. ಕಾವಲಿ ಮಾತ್ರ ಅಂಟುತ್ತದೆ. ಆಮೇಲೆ ಮಳೆನೀರು ಹರಿದು ಒಣಗಿದ ಮರಳಿನಲ್ಲಿ ಎಳೆಯಿರಿ. ಕರಿಯ ಕಣಗಳು ಅಂಟಿದರೆ ಕವರನ್ನು ಮೆಲ್ಲಗೆ ಬಿಚ್ಚಿ, ಅಷ್ಟೂ ಕೆಳಗೆ ಉದುರುತ್ತವೆ. ಕವರಿಲ್ಲದೆ ಎಳೆದಿರೋ, ಒರೆಸಿ ಒರೆಸಿ ಸಾಕಾಗುತ್ತದೆ!

ಕೆಲವು ಗಾಡಿಗಳ ಡಿಫರೆನ್ಷಿಯಲ್ಲಿನಲ್ಲಿ ಕಂಚಿನ ವಾಷರುಗಳಿರುತ್ತವೆ. ಅವು ಸವೆದು ಉದುರಿದ ಪುಡಿ, ಹೊರಗಿನಿಂದ ನುಸುಳಿದ ಮಣ್ಣು ಯಾವುದೂ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಅದಕ್ಕಾಗಿ ಎಣ್ಣೆಯನ್ನೇ ಪೂರಾ ಬದಲಿಸಬೇಕು. ಗಾಡಿ ಓಡಿ ಎಣ್ಣೆ ಬೆಚ್ಚಗಿರುವಾಗಲೇ ಇಳಿಸಿದರೆ ಆ ಕಸವೂ ಎಣ್ಣೆಯ ಜೊತೆಗೇ ಹರಿದು ಬರುತ್ತದೆ.